ಫ್ಯಾನ್ ಮೋಟರ್ ಬದಲಿಸುವ ಮೊದಲು ಅರ್ಥ್ ನೋಡಿ

ವಾಸ್ಕೋ, ಮಡಗಾಂವ್ ಕಡೆ ಟ್ಯಾಕ್ಸಿ ಓಡಿಸುವ ನಮ್ಮ ಬೆಳಗಾವಿ, ಗದಗ ಕಡೆಯವರು ಇಂಜಿನ್ ಬಿಸಿಯಾದ ಕೂಡಲೇ, ರೇಡಿಯೇಟರ್ ತಣಿಸುವ ಫ್ಯಾನ್ ಬಗ್ಗೆ ‘ಫ್ಯಾನ್ ಮೋಟರ್ ಹೋಗೇದ್ರೀ’ ಎಂದೇ ಗಾಡಿ ತರುತ್ತಾರೆ. ಬಿಚ್ಚಿ ನೋಡಿದರೆ ಮೋಟರ್ ಬಹುತೇಕ ಸರಿಯಾಗಿಯೇ ಇರುತ್ತದೆ. ಅದಕ್ಕೆ ಕರೆಂಟ್ ಹೋಗಿ ಬರುವ ದಾರಿ, ಅದರಲ್ಲೂ ಅರ್ಥ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ಹಿಂದಿರುಗುವ ದಾರಿ) ಕೆಟ್ಟಿರುತ್ತದೆ. ಗೋವಾದ ಉಪ್ಪುಗಾಳಿ, ಅದರ ಮೇಲೆ ಜೂನ್‌ನಿಂದ ಹಿಡಿಯುವ ಮಳೆ ಸೇರಿ ವಯರಿನ ತಾಮ್ರವನ್ನು ಪ್ಲಾಸ್ಟಿಕ್ಕಿನೊಳಗೇ ಹಸಿರು ಪುಡಿ ಮಾಡುತ್ತವೆ. ಹೊರಗಿನಿಂದ ವಯರ್ ಹೊಸದರಂತೆಯೇ ಕಾಣುತ್ತದೆ.

ಗಾಡಿ ಎಲ್ಲಿ ಬಿಸಿಯಾಗುತ್ತದೆ ಎಂದು ಮೊದಲೇ ಕೇಳಿಬಿಡುತ್ತೇನೆ. ಟ್ರಾಫಿಕ್‌ನಲ್ಲಿ ಟೆಂಪರೇಚರ್ ಸೂಜಿ ಏರಿ, ಓಡಲು ಶುರುವಾದ ಮೇಲೆ ಇಳಿದರೆ ಫ್ಯಾನ್ ಮೇಲೆ ಅನುಮಾನ. ಬಯಲು ರಸ್ತೆಯಲ್ಲಿ 80ರಲ್ಲಿ ಹೋಗುವಾಗಲೂ ಏರಿದರೆ ಕೂಲಂಟ್ (ಇಂಜಿನ್ ತಣಿಸುವ ದ್ರವ) ಮಟ್ಟ, ಥರ್ಮೋಸ್ಟಾಟ್ (ಅದನ್ನು ರೇಡಿಯೇಟರಿಗೆ ಬಿಡುವ ವಾಲ್ವ್), ಕಟ್ಟಿಕೊಂಡ ರೇಡಿಯೇಟರ್ ನೋಡಬೇಕು. ಆ ವೇಗಕ್ಕೆ ಎದುರುಗಾಳಿಯೇ ಸಾಕಾಗುತ್ತದೆ. ಅನಮೋಡ ಅಥವಾ ಚೋರ್ಲಾ ಘಾಟ್ ಹತ್ತುವಾಗ ಮಾತ್ರ ಬಿಸಿಯಾಗುತ್ತದೆ ಎಂದರೆ ಏನೂ ತೀರ್ಮಾನವಾಗುವುದಿಲ್ಲ. ಅಲ್ಲಿ ಇಂಜಿನ್ ಮೇಲೆ ಭಾರ ಹೆಚ್ಚು, ಬರುವ ಗಾಳಿ ಕಡಿಮೆ, ಎರಡೂ ದೋಷ ಒಂದೇ ತರಹ ಕಾಣುತ್ತವೆ.

ಬ್ಯಾಟರಿ ನೋಡದೆ ಮುಂದೆ ಹೋಗಬೇಡಿ. ಕೆಲವು ಗಂಟೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಎಂದರೆ ಅರ್ಧ. ಇಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಇದೇ ಕಡಿಮೆಯಿದ್ದರೆ ಫ್ಯಾನ್ ನಿಧಾನ ತಿರುಗುವುದು ಸಹಜ.

ಆಮೇಲೆ ಎಸಿ ಹಾಕಿ. ರೇಡಿಯೇಟರ್ ಫ್ಯಾನ್ ತಿರುಗಿದರೆ ಮೋಟರ್, ಫ್ಯೂಸ್ ಎರಡೂ ಸರಿ ಇವೆ ಎಂದಾಯಿತು, ಸೆನ್ಸರ್ ಕಡೆ ಹೋಗಿ. ಕೂಲಂಟ್ ಸೆನ್ಸರಿನ ಕಪ್ಲರ್ (ವಯರ್ ಜೋಡಿಸುವ ಪ್ಲಗ್) ತೆಗೆದರೆ ಬಹಳಷ್ಟು ಇಂಜೆಕ್ಷನ್ ಗಾಡಿಗಳಲ್ಲಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸುರಕ್ಷತೆಗೆಂದು ತಾನೇ ಫ್ಯಾನ್ ಓಡಿಸುತ್ತದೆ. ಚೆಕ್ ಇಂಜಿನ್ ದೀಪ ಬರುತ್ತದೆ, ಆಮೇಲೆ ಸ್ಕ್ಯಾನರಿನಿಂದ ಅಳಿಸಿದರಾಯಿತು. ಹಳೆಯ ಗಾಡಿಗಳಲ್ಲಿ ರೇಡಿಯೇಟರಿಗೇ ಕೂರಿಸಿದ ಥರ್ಮೋ ಸ್ವಿಚ್ ಇರುತ್ತದೆ. ಅದರ ಎರಡು ವಯರ್ ಸೇರಿಸಿದರೆ ಫ್ಯಾನ್ ಓಡಬೇಕು.

ಎಸಿ ಹಾಕಿದರೂ ತಿರುಗದಿದ್ದರೆ ರಿಲೇ (ಫ್ಯಾನಿನ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್) ಕಿತ್ತು, ಇಗ್ನಿಷನ್ ಆನ್ ಇಟ್ಟು, ಅದರ 30 ಮತ್ತು 87 ನಂಬರಿನ ಪಿನ್ ಕೂರುವ ಜಾಗಕ್ಕೆ ಫ್ಯೂಸ್ ಇರುವ 2.5 ಚದರ ಮಿ.ಮೀ. ವಯರ್ ಜಂಪರ್ ಹಾಕಿ. ಜೋರಾಗಿ ತಿರುಗಿದರೆ ಮೋಟರ್ ಪಾಸ್, ದೋಷ ರಿಲೇಯಲ್ಲೋ ಅದನ್ನು ಆನ್ ಮಾಡುವ 85, 86 ಪಿನ್‌ಗಳ ಕಾಯಿಲ್ ಲೈನಿನಲ್ಲೋ ಇದೆ. ರಿಲೇ ಕೂರುವ ಬೇಸ್ ಕೂಡ ನೋಡಿ. ಪಿನ್ ಕಂದಾಗಿ ಸಡಿಲಾಗಿದ್ದರೆ ಅಲ್ಲಿ ಹಾಕಿದ ಹೊಸ ರಿಲೇಯೂ ಸುಡುತ್ತದೆ.

ಜಂಪರ್ ಹಾಕಿದರೂ ತಿರುಗದಿದ್ದರೆ ಅಥವಾ ನಿಧಾನ ತಿರುಗಿದರೆ ವಯರ್ ಅಳೆಯಬೇಕು. ಬಹಳ ಜನ ಎಡವುವುದು ಈ ಹಂತದಲ್ಲೇ. ಫ್ಯಾನಿನ ಕಪ್ಲರ್ ಬಿಚ್ಚಿ ಮೀಟರ್ ಇಟ್ಟು ‘12 ವೋಲ್ಟ್ ಬರ್ತಿದೆ’ ಎನ್ನುತ್ತಾರೆ. ಕರೆಂಟ್ ಹರಿಯದಿರುವಾಗ ಒಂದೇ ಎಳೆ ಉಳಿದ ವಯರೂ 12 ತೋರಿಸುತ್ತದೆ. ಕಪ್ಲರ್ ಹಾಕಿಟ್ಟು, ಫ್ಯಾನಿಗೆ ಸಪ್ಲೈ ಕೊಟ್ಟು, ಹಿಂದಿನಿಂದ ಪಿನ್ ಚುಚ್ಚಿ ಅಳೆಯಿರಿ. ಫ್ಯಾನಿನ ಅರ್ಥ್ ವಯರಿನಿಂದ ಬ್ಯಾಟರಿ ಮೈನಸ್‌ಗೆ 0.2 ವೋಲ್ಟ್ ದಾಟಬಾರದು. ಬ್ಯಾಟರಿ ಪ್ಲಸ್‌ನಿಂದ ಫ್ಯಾನ್ ಪ್ಲಸ್‌ಗೆ 0.5ರ ತನಕ ನಾನು ಒಪ್ಪುತ್ತೇನೆ. ದಾರಿಯಲ್ಲಿ ಬರೀ 0.1 ಓಮ್ ಅಡ್ಡಿಯಿದ್ದು 15 ಆಂಪಿಯರ್ ಹರಿದರೆ 1.5 ವೋಲ್ಟ್ ಅಲ್ಲೇ ಹೋಯಿತು, ಸುಮಾರು 22 ವ್ಯಾಟ್ ಶಾಖವಾಗಿ. ಕಪ್ಲರ್ ಕರಗುವುದು ಹೀಗೆ. ಮೋಟರಿನ ಎರಡು ವಯರ್ ನಡುವೆ 12 ಬಂದೂ ಅದು ಅಲುಗದಿದ್ದರೆ ಮಾತ್ರ ಹೊಸ ಮೋಟರಿಗೆ ದುಡ್ಡು ಕೇಳುತ್ತೇನೆ.

ಅರ್ಥ್ ಸರಿ ಮಾಡುವಾಗ ಬೋಲ್ಟ್ ತೆಗೆದು ಬಾಡಿಯನ್ನು ಎಮರಿ ಪೇಪರಿನಿಂದ ಹೊಳೆಯುವ ತಗಡಿನವರೆಗೆ ಉಜ್ಜಿ. ವಯರನ್ನು ಕೆಂಪು ತಾಮ್ರ ಕಾಣುವವರೆಗೂ ಕತ್ತರಿಸುತ್ತ ಹೋಗಿ. ಗಿಡ್ಡವಾದರೆ 4 ಚದರ ಮಿ.ಮೀ. ತುಂಡು ಸೇರಿಸಿ. ವಯರ್ ತುದಿಗೆ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಒತ್ತಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿ. ಬೋಲ್ಟ್ ಬಿಗಿದ ಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇಲ್ಲಿನ ಒಂದು ಮಳೆಗಾಲ ಬಾಳುವುದೂ ಕಷ್ಟ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ವಯರ್ ಸುತ್ತ ಹಿಡಿದು ಅಳೆಯುವ ಡಿಸಿ ಕ್ಲಾಂಪ್ ಮೀಟರಿನಲ್ಲಿ ಓಡುವ ಕರೆಂಟ್ ನೋಡಿ. ಫ್ಯಾನ್ ನಿಧಾನವಾಗಿ ತಿರುಗುತ್ತ ಕರೆಂಟ್ ಹೆಚ್ಚು ಎಳೆದರೆ ಬುಷ್ (ಮೋಟರ್ ಶಾಫ್ಟ್ ತಿರುಗುವ ಬಳೆ) ಹಿಡಿದಿದೆ ಅಥವಾ ವೈಂಡಿಂಗ್ ಸುಟ್ಟಿದೆ. 30 ಆಂಪಿಯರ್ ಫ್ಯೂಸಿನ ಜಾಗಕ್ಕೆ 40ರದ್ದು ಹಾಕಿದರೆ ಮುಂದಿನ ಸಲ ಸುಡುವುದು ವಯರಿಂಗ್. ಎರಡು ಸ್ಪೀಡಿನ ಫ್ಯಾನ್ ಹೈನಲ್ಲಿ ಓಡಿ ಲೋನಲ್ಲಿ ಸುಮ್ಮನಿದ್ದರೆ ಮೊದಲು ವೇಗ ತಗ್ಗಿಸುವ ರೆಸಿಸ್ಟರ್ ನೋಡಿ.

ವಯರ್, ಬೋಲ್ಟ್ ಬಿಚ್ಚಲು ಫ್ಯಾನ್ ಹತ್ತಿರ ಕೈ ಹಾಕುವ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ಶುರುವಾಗುತ್ತದೆ. ವಯರ್ ಜೋಡಿಸಿದ ಮೇಲೆ, ಫ್ಯಾನ್ ಇಂಜಿನ್ ಕಡೆ ಇದ್ದರೆ, ರೇಡಿಯೇಟರ್ ಮುಂದೆ ಒಂದು ಕಾಗದ ಹಿಡಿಯಿರಿ. ಅದು ಜಾಲರಿಗೆ ಅಂಟಬೇಕು. ಹಾರಿ ಹೊರಬಂದರೆ ಪ್ಲಸ್ ಮೈನಸ್ ಅದಲುಬದಲಾಗಿವೆ. ಎಸಿ ಬಂದ್ ಮಾಡಿ ಐಡಲ್‌ನಲ್ಲಿ ಬಿಟ್ಟು, ಫ್ಯಾನ್ ತಾನೇ ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಕಾಯುತ್ತೇನೆ, ಆಮೇಲೆ ಅರ್ಥ್ ಕಡೆ ಕಳೆದುಹೋಗುವ ವೋಲ್ಟ್ ಮತ್ತೊಮ್ಮೆ ಅಳೆದು ಬಾನೆಟ್ ಮುಚ್ಚುತ್ತೇನೆ.