ಅಪ್ಪ ಅಮ್ಮನ ಜೊತೆ ಗ್ರೀಸ್: ಎರಡನೇ ಸಲಕ್ಕೆ ಕೈಗೂಡಿತು

ಮೊಣಕಾಲು ನೋವಿನ ಅಮ್ಮ, ಮೊಟ್ಟೆಯ ವಾಸನೆಯೂ ಆಗದ ಅಪ್ಪ. ಇಬ್ಬರನ್ನೂ ಪ್ಯಾಕೇಜ್ ಇಲ್ಲದೆ, ಹಡಗು ಬಸ್ಸಿನಲ್ಲೇ ಗ್ರೀಸ್ ತೋರಿಸಿಕೊಂಡು ಬರ್ತೀನಿ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ವಯಸ್ಸಾದವರನ್ನ ಬಂದರಿನಲ್ಲಿ ಕೂರಿಸಿ ಬ್ರೆಡ್ಡು ತಿನ್ನಿಸ್ತೀಯಾ?" ಅಂದರು ಭಾವ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ 12 ರಾತ್ರಿ ಇದ್ದು ಬಂದೆವು. ವಿಮಾನ, ವೀಸಾ, ಊಟ ಎಲ್ಲ ಸೇರಿ ತಲೆಗೆ ಒಂದೂವರೆ ಲಕ್ಷ ದಾಟಲಿಲ್ಲ. ಪ್ಯಾಕೇಜಿನವರು ಏಳು ರಾತ್ರಿಗೇ ಎರಡು ಲಕ್ಷದ ಮೇಲೆ ಹೇಳಿದ್ದರು.

ಭಾವನ ಅನುಮಾನಕ್ಕೆ ಕಾರಣ ಇತ್ತು. 2022ರ ಜುಲೈನಲ್ಲಿ ನಾನೂ ಹೆಂಡತಿಯೂ ಹೋಗಿ ಕೈ ಸುಟ್ಟುಕೊಂಡಿದ್ದೆವು. ಸ್ಯಾಂಟೊರಿನಿ ದ್ವೀಪದಿಂದ ಬೆಳಿಗ್ಗೆ ಹಡಗು, ಅದೇ ರಾತ್ರಿ ಅಥೆನ್ಸಿನಿಂದ ವಿಮಾನ ಅಂತ ಲೆಕ್ಕ ಹಾಕಿದ್ದೆ. ಜುಲೈ, ಆಗಸ್ಟಿನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ತೆಮಿ ಅನ್ನುವ ಜೋರು ಗಾಳಿ ಬೀಸುತ್ತದೆ. ಆಕಾಶ ನೋಡಿದರೆ ಮೋಡದ ಚೂರೂ ಇಲ್ಲ, ಬಂದರಿನಲ್ಲಿ ಮಾತ್ರ ಒಂದೇ ಪದ: ಅಪಗೊರೆಫ್ತಿಕೊ. ಅಂದರೆ ಹಡಗು ಹೊರಡುವಂತಿಲ್ಲ. ಹಡಗಿನ ಟಿಕೆಟ್ಟಿನ ದುಡ್ಡು ವಾಪಸ್ ಬಂತು, ವಿಮಾನದ್ದು ಹೋಯಿತು. ಹೊಸ ಟಿಕೆಟ್, ರೂಮು ಅಂತ ತೊಂಬತ್ತು ಸಾವಿರದ ಹತ್ತಿರ ಕೈಬಿಟ್ಟಿತು.

ಈ ಸಲ ಯೋಜನೆಯನ್ನೇ ತಿರುಗಿಸಿದೆ. ದ್ವೀಪ ಮೊದಲು, ಅಥೆನ್ಸ್ ಕೊನೆಗೆ. ಹಡಗಿಗೂ ವಿಮಾನಕ್ಕೂ ನಡುವೆ ಮೂರು ರಾತ್ರಿ. ನಾಲ್ಕು ದ್ವೀಪ ಓಡಾಡುವ ಆಸೆ ಬಿಟ್ಟು, ನಾಕ್ಸೊಸ್ ಒಂದರಲ್ಲೇ ಒಂಬತ್ತು ರಾತ್ರಿ. ವೇಗದ ಸಣ್ಣ ಹಡಗಿಗಿಂತ ಒಂದೂವರೆ, ಎರಡು ಗಂಟೆ ಹೆಚ್ಚು ಹಿಡಿದರೂ ದೊಡ್ಡ ಹಡಗೇ ಆರಿಸಿದೆ. ಗಾಳಿ ಎದ್ದರೆ ಮೊದಲು ನಿಲ್ಲುವುದು ಸಣ್ಣವೇ. ತಲೆಗೆ 45 ಯೂರೋ ಆಸುಪಾಸು. ಇನ್ನು ಸ್ವಲ್ಪ ಕೊಟ್ಟು ನಂಬರಿನ ಸೀಟು ಹಿಡಿದದ್ದರಿಂದ ಅಮ್ಮ ಐದು ಗಂಟೆ ಕಾಲು ಚಾಚಿ ಕೂತರು. 2022ರ ಕೊನೆಯಿಂದ ಅಥೆನ್ಸಿನ ಮೆಟ್ರೋ ವಿಮಾನ ನಿಲ್ದಾಣದಿಂದ ನೇರ, ಹಡಗು ಹತ್ತುವ ಪಿರೇಯಸ್ ಬಂದರಿನವರೆಗೆ ಬರುತ್ತದೆ, 9 ಯೂರೋ ಕೊಟ್ಟೆವು. ಆದರೆ ಗೇಟು ನಂಬರ್ ಮೊದಲೇ ನೋಡಿಕೊಳ್ಳಿ. ಬಂದರು ಬಹಳ ಉದ್ದ, ಕೆಲವು ಗೇಟು ಮೆಟ್ರೋದಿಂದ ಒಂದು ಕಿಲೋಮೀಟರಿಗೂ ಮೀರಿ ಇವೆ.

ವೀಸಾಕ್ಕೆ 90 ಯೂರೋ ಶುಲ್ಕ, ಜೊತೆಗೆ 30,000 ಯೂರೋವರೆಗಿನ ಆಸ್ಪತ್ರೆ ಖರ್ಚು ಭರಿಸುವ ವಿಮೆ. ಅಪ್ಪನಿಗೆ ಎಪ್ಪತ್ತು ದಾಟಿದ್ದರಿಂದ ವಿಮೆಗೆ ಹೆಚ್ಚು ಬಿತ್ತು, ಅಷ್ಟೇ.

ಊಟದ್ದೇ ನಿಜವಾದ ಗೆಲುವು. ಮೊದಲ ಸಲ 'ವೆಜಿಟೇರಿಯನ್' ಅಂತ ಕೇಳಿ, ಕೈಮಾ ತುಂಬಿದ ಟೊಮ್ಯಾಟೊ ತಟ್ಟೆಗೆ ಬಂದಿತ್ತು. ಈ ಸಲ ಅವರ ಉಪವಾಸದ ಪದವನ್ನೇ ಬಳಸಿದೆ: ನಿಸ್ತೀಸಿಮೊ. ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಸಿಗಡಿ, ಆಕ್ಟೋಪಸ್ ಮಾತ್ರ ಅವರಿಗೆ ನಡೆಯುತ್ತದೆ, ಹಾಗಾಗಿ ಅದೂ ಬೇಡ ಅಂತ ಸೇರಿಸಿ ಹೇಳಲೇಬೇಕು. ಅನ್ನ ತುಂಬಿದ ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿಗೆ ಗೆಮಿಸ್ತಾ ಅಂತಾರೆ. ಕೈಮಾ ಹಾಕದ್ದಕ್ಕೆ 'ಒರ್ಫಾನಾ', ಅಂದರೆ ಅನಾಥ, ಅನ್ನುವ ಹೆಸರಿದೆ. ನಾನು 'ಗೆಮಿಸ್ತಾ ಒರ್ಫಾನಾ' ಅಂದದ್ದೇ ಹೋಟೆಲಿನ ಅಜ್ಜಿ ಒಳಗಿಂದ ಎದ್ದು ಬಂದು ಅಮ್ಮನ ಕೈ ಹಿಡಿದುಕೊಂಡಳು. ಫಾವಾ ಅಂತೂ ನಮ್ಮ ತೊವ್ವೆಯೇ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ.

ಅಡುಗೆಮನೆ ಇರುವ ಮನೆ ಹಿಡಿದಿದ್ದೆ, ದಿನಕ್ಕೆ 65 ಯೂರೋ ಇದ್ದಿರಬೇಕು. (ಯಾವ ಮನೆ ಅಂತ ಹೇಳಲಾರೆ, ಮತ್ತೆ ನಾವೇ ಹೋಗಬೇಕು.) ಅಲ್ಲಿ ಅಮ್ಮನ ಪ್ರಯೋಗ ಶುರುವಾಯಿತು. ಸಂತೆಯಲ್ಲಿ ವ್ಲೀತಾ ಅನ್ನುವ ಸೊಪ್ಪು ನೋಡಿ "ಇದು ನಮ್ಮ ದಂಟಿನ ಜಾತಿಯದೇ ಕಣೋ" ಅಂದರು. ಹೌದು, ಅದೂ ಅಮರಾಂತಸ್ ಕುಲದ್ದೇ. ಅವರು ಬೇಯಿಸಿ ನಿಂಬೆರಸ ಹಿಂಡಿ ತಿನ್ನುತ್ತಾರೆ. ಅಮ್ಮ ಬಸಿದ ನೀರಿಗೆ ಫಾವಾ ಬೇಳೆ ಸೇರಿಸಿ, ಊರಿಂದ ತಂದ ಪುಡಿ ಹಾಕಿ ಬಸ್ಸಾರು ಮಾಡಿದರು. ಆಲಿವ್ ಎಣ್ಣೆಯ ಒಗ್ಗರಣೆ ಮೊದಲ ದಿನ ಕಹಿಯಾಯಿತು. ಎರಡನೇ ದಿನ ಸೂರ್ಯಕಾಂತಿ ಎಣ್ಣೆ ತಂದೆ, ಸರಿಹೋಯಿತು. ತುಪ್ಪ ಮಾತ್ರ ಒಯ್ಯಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ.

ನಾಕ್ಸೊಸಿನ ಹಾಲ್ಕಿ, ಅಪಿರಾಂಥೋಸ್ ಹಳ್ಳಿಗಳಿಗೆ ಬಸ್ಸಿನಲ್ಲೇ ಹೋದೆವು. ಟಿಕೆಟ್ ಹತ್ತುವ ಮೊದಲೇ ಬಂದರಿನ ಹತ್ತಿರ ಕೊಳ್ಳಬೇಕು. ಸೀಸನ್ ಮುಗಿಯುತ್ತಿದ್ದಂತೆ ಬಸ್ಸು ಕಡಿಮೆಯಾಗುತ್ತವೆ. ಒಂದು ದಿನ ಎರಡು ಗಂಟೆ ಕಾದೆವು, ಅಪ್ಪ ಅಮೃತಶಿಲೆಯ ಮೆಟ್ಟಿಲ ಮೇಲೆ ಕೂತು ಊರಿನ ಮುದುಕರ ಜೊತೆ ಸನ್ನೆಯಲ್ಲೇ ಮಾತಾಡಿದರು.

ಈಗ ಭಾವನೇ ಅತ್ತೆ ಮಾವನನ್ನು ಕರಕೊಂಡು ಹೊರಟಿದ್ದಾರೆ. ಅವರಿಗೆ ಕೊಟ್ಟ ಲೆಕ್ಕದಲ್ಲಿ ಎರಡು ಕಡೆ ತಿದ್ದಿದ್ದೇನೆ. ಅಥೆನ್ಸಿನ ಬೆಟ್ಟದ ಮೇಲಿನ ಹಳೆಯ ಗುಡಿಗಳ ತಾಣ ಆಕ್ರೊಪೊಲಿಸ್, ನಮಗೆ 20 ಯೂರೋ ಇದ್ದ ಅದರ ಟಿಕೆಟ್ 2025ರಿಂದ 30 ಆಗಿದೆ. ಬಾಡಿಗೆ ಮನೆಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತೆರಿಗೆ ರಾತ್ರಿಗೆ 8 ಯೂರೋಗೆ ಏರಿದೆ, ಬುಕ್ ಮಾಡುವಾಗ ತೋರಿಸುವ ಮೊತ್ತದಲ್ಲಿ ಅದು ಎಷ್ಟೋ ಸಲ ಸೇರಿರುವುದಿಲ್ಲ.