ಮಗುವಿನ ತಪ್ಪು ಉತ್ತರವನ್ನು ಕೇಳಿಸಿಕೊಳ್ಳುವುದು ಹೇಗೆ

ಎರಡರಿಂದ ಆರು ವರ್ಷದ ಮಕ್ಕಳ ಜೊತೆ ದಿನವಿಡೀ ನೆಲದ ಮೇಲೆ ಕೂರುವುದು ನನ್ನ ಕೆಲಸ. ಅಪ್ಪ ಅಮ್ಮಂದಿರು ಬಂದಾಗ ಸಾಮಾನ್ಯವಾಗಿ ಕೇಳುವುದು ಒಂದೇ: "ಮಿಸ್, ಎಷ್ಟು ಕಲಿತಿದ್ದಾನೆ?" ಅವರ ಲೆಕ್ಕದಲ್ಲಿ ಕಲಿಕೆ ಅಂದರೆ ಬಾಯಿಪಾಠ. ಬಣ್ಣಗಳ ಹೆಸರು, ನೂರರ ತನಕ ಅಂಕಿ, ಒಂದಷ್ಟು ಶಿಶುಗೀತೆ. ಅದನ್ನು ಕೇಳಿದರೆ ನನಗೆ ಮಗುವಿನ ನೆನಪಿನ ಶಕ್ತಿ ತಿಳಿಯುತ್ತದೆ, ಅಷ್ಟೆ. ತಲೆಯೊಳಗೆ ಏನು ನಡೆಯುತ್ತಿದೆ ಅಂತ ತಿಳಿಯಬೇಕಾದರೆ ಅದು ತಪ್ಪು ಹೇಳಬೇಕು. ಸರಿಯುತ್ತರವನ್ನು ಯಾರೋ ಹೇಳಿಕೊಟ್ಟಿರಬಹುದು. ತಪ್ಪು ಉತ್ತರ ಸಾಮಾನ್ಯವಾಗಿ ಅದರ ಸ್ವಂತದ್ದು.

ಹಾಗಾಗಿ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಖು, ಮಗುವಿನ ವಯಸ್ಸು ವರ್ಷ ತಿಂಗಳುಗಳಲ್ಲಿ, ಮತ್ತು ಅದು ಹೇಳಿದ ಮಾತು ಹೇಳಿದ ಹಾಗೆಯೇ. ತಿದ್ದಿ ಬರೆದರೆ ಪ್ರಯೋಜನವಿಲ್ಲ. ವಾರಕ್ಕೆ ಮೂರು ನಾಲ್ಕು ಸಾಲು ಸಾಕು.

"ಅಜ್ಜಂಗೆ ಚೆಂಡು ಕೊಡಿದೆ"

ಮೂರು ವರ್ಷದ ಮಗು ಹೀಗೆ ಹೇಳಿದರೆ ಮನೆಯವರೆಲ್ಲ ನಗುತ್ತಾರೆ. ಆದರೆ 'ಕೊಡಿದೆ' ಅಂತ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಮಾಡು–ಮಾಡಿದೆ, ಓಡು–ಓಡಿದೆ, ಹಾಡು–ಹಾಡಿದೆ ಎಂದು ಕೇಳಿ ಕೇಳಿ ಮಗು ಒಂದು ನಿಯಮ ಹಿಡಿದುಕೊಂಡಿದೆ, ಅದನ್ನು 'ಕೊಡು'ವಿಗೂ ಹಚ್ಚಿದೆ. ಇದೇ ಮಗು ಕೆಲವು ತಿಂಗಳ ಹಿಂದೆ 'ಕೊಟ್ಟೆ' ಅಂತ ಸರಿಯಾಗಿಯೇ ಹೇಳಿರಬಹುದು. ಆಗ ಅದು ಬರೀ ಅನುಕರಣೆ. ಈಗ ಹಿಂದೆ ಬಿದ್ದ ಹಾಗೆ ಕಂಡರೂ ಮುಂದೆ ಹೋಗಿದೆ. 1958ರಲ್ಲಿ ಜೀನ್ ಬರ್ಕೊ ಎಂಬಾಕೆ ಒಂದು ಕಾಲ್ಪನಿಕ ಹಕ್ಕಿಯಂಥ ಪ್ರಾಣಿಯ ಚಿತ್ರ ತೋರಿಸಿ, ಇದು 'ವಗ್', ಈಗ ಇಂಥವು ಎರಡಿವೆ, ಏನನ್ನುತ್ತೀರಿ ಎಂದು ಮಕ್ಕಳನ್ನು ಕೇಳಿದರು. ಹುಟ್ಟಿದಾರಭ್ಯ ಕೇಳಿರದ ಪದಕ್ಕೂ ಮಕ್ಕಳು ಇಂಗ್ಲಿಷಿನ ಬಹುವಚನವನ್ನು ಸರಿಯಾಗಿ ಸೇರಿಸಿದರು. ನಿಯಮ ಅವರೊಳಗಿತ್ತು.

ಇದಕ್ಕೆ ಏನು ಮಾಡಬೇಕು? "ಕೊಡಿದೆ ಅಲ್ಲ, ಕೊಟ್ಟೆ ಅನ್ನು ನೋಡೋಣ" ಅನ್ನಬೇಡಿ. ಮಗು ಚೆಂಡಿನ ಕಥೆ ಹೇಳಲು ಬಂದಿತ್ತು, ವ್ಯಾಕರಣದ ಪರೀಕ್ಷೆಗಲ್ಲ. "ಹೌದಾ, ಅಜ್ಜಂಗೆ ಕೊಟ್ಯಾ? ಆಮೇಲೆ ಅಜ್ಜ ಏನ್ಮಾಡಿದ್ರು?" ಅನ್ನಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತು ಮುಂದುವರಿಯಿತು. "ಅಪ್ಪ ಬಂತು" ಅಂದರೆ "ಹೂಂ, ಅಪ್ಪ ಬಂದ್ರು, ಕೈಯಲ್ಲಿ ಏನೋ ಇದೆಯಲ್ಲ!" ಮಗು ಹೇಳಿದ್ದಕ್ಕಿಂತ ಒಂದೇ ಒಂದು ಹೆಜ್ಜೆ ಮುಂದಿರಲಿ ನಿಮ್ಮ ಮಾತು. ಎರಡು ಪದ ಹೇಳುವ ಮಗುವಿಗೆ ನಾಲ್ಕು ಪದದ ಉತ್ತರ ಸಾಕು, ಉಪನ್ಯಾಸ ಬೇಡ.

ನಿನ್ನೆ–ನಾಳೆ ಅದಲುಬದಲಾಗುವುದು ಐದರ ತನಕವೂ ನಡೆಯುತ್ತದೆ. ಕ್ಯಾಲೆಂಡರ್ ತೋರಿಸಿ ಫಲವಿಲ್ಲ. "ರಾತ್ರಿ ಮಲಗಿ ಎದ್ದ ಮೇಲೆ" ಅಂದರೆ ತಿಳಿಯುತ್ತದೆ.

ಇನ್ನು ಉಚ್ಚಾರ. ರೈಲನ್ನು 'ಲೈಲು' ಅನ್ನುವ ಮಗುವಿನ ಮುಂದೆ ನೀವೂ ಮುದ್ದಿಗೆ 'ಲೈಲು' ಅಂದು ನೋಡಿ. "ಲೈಲು ಅಲ್ಲ, ಲೈಲು!" ಎಂದು ರೇಗುವ ಮಕ್ಕಳಿದ್ದಾರೆ. ಅವುಗಳ ಕಿವಿ ಸರಿಯಿದೆ, ನಾಲಿಗೆ ಇನ್ನೂ ಹಿಡಿತಕ್ಕೆ ಬಂದಿಲ್ಲ. ಕಿವಿಯ ಕೆಲಸ ಎಷ್ಟು ಬೇಗ ಶುರುವಾಗುತ್ತದೆ ಅಂದರೆ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ಬೇರೆ ಬೇರೆ ಎಂದು ಗುರುತಿಸುತ್ತವೆ, ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗುತ್ತದೆ ಎಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲೇ ತೋರಿಸಿದ್ದರು. ಮನೆಯಲ್ಲಿ ಕೇಳದ ಭೇದವನ್ನು ಕಿವಿ ಕೈಬಿಡುತ್ತದೆ. ರ, ಶ, ಒತ್ತಕ್ಷರಗಳು ತಡವಾಗಿ ಬಂದರೆ ಗಾಬರಿ ಬೇಡ. ನೀವು ಮಾತ್ರ ರೈಲು ಎಂದೇ ಅನ್ನುತ್ತಿರಿ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ

ಇದು ಕೇಳಲು ಸುಲಭ, ಮಾಡಲು ಕಷ್ಟ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು: ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಅವರು ನೋಡಿದ್ದು ದೊಡ್ಡ ಮಕ್ಕಳನ್ನು. ಪುಟ್ಟವರಿಗೆ ನಾನು ಮನಸ್ಸಿನಲ್ಲೇ ಐದರ ತನಕ ಎಣಿಸುತ್ತೇನೆ.

ಅದೇ ಪ್ರಶ್ನೆಯನ್ನು ಎರಡು ಸಲ ಕೇಳುವ ಚಾಳಿಯನ್ನೂ ಬಿಡಿ. ಇದರ ಹಿಂದೆ ಚೆಂದದ ಕಥೆಯಿದೆ. ಎರಡು ಸಾಲು ಬಿಲ್ಲೆಗಳನ್ನು ಸಮನಾಗಿ ಜೋಡಿಸಿ, ಒಂದು ಸಾಲನ್ನು ಮಗುವಿನ ಎದುರೇ ಹರಡಿ "ಈಗ ಯಾವುದರಲ್ಲಿ ಜಾಸ್ತಿ?" ಎಂದು ಕೇಳಿದರೆ ನಾಲ್ಕೈದು ವರ್ಷದವರು ಉದ್ದದ ಸಾಲು ತೋರಿಸುತ್ತಾರೆ. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ಇದನ್ನು ಹಿಡಿದು, ಸಂಖ್ಯೆ ಬದಲಾಗದು ಎಂಬ ಅರಿವು ಮಕ್ಕಳಿಗೆ ಇನ್ನೂ ಬಂದಿಲ್ಲ ಎಂದರು. 1970ರ ದಶಕದಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ತುಂಟ ಕರಡಿ ಬೊಂಬೆ ತಂದರು. ಆಟ ಕೆಡಿಸಲು ಬಂದ ಕರಡಿ ಸಾಲನ್ನು ಚದುರಿಸಿದಾಗ ಎಷ್ಟೋ ಹೆಚ್ಚು ಮಕ್ಕಳು "ಎರಡೂ ಅಷ್ಟೇ" ಎಂದರು. ದೊಡ್ಡವರು ಬೇಕೆಂದೇ ಏನೋ ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಅಂತ ಮಗು ಊಹಿಸುತ್ತದೆ. ಅಂದರೆ ಅದು ಬಿಲ್ಲೆಯ ಜೊತೆಗೆ ನಮ್ಮ ಮುಖವನ್ನೂ ಓದುತ್ತಿರುತ್ತದೆ. ಮನೆಗೆ ಬಂದವರ ಮುಂದೆ "ಇದು ಯಾವ ಬಣ್ಣ ಹೇಳು, ಸರಿಯಾಗಿ ಹೇಳು" ಎಂದು ಪೀಡಿಸುವಾಗ ಇದು ನೆನಪಿರಲಿ. ಹೇಗೂ ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ನನಗೆ ಇಷ್ಟವಿಲ್ಲ.

ಪೆಟ್ಟಿಗೆಯ ಆಟ

ಕ್ರೇಯಾನ್ ಪೆಟ್ಟಿಗೆಯೊಂದನ್ನು ಖಾಲಿ ಮಾಡಿ ಒಳಗೆ ಕಾಲುಚೀಲ ತುರುಕಿ. (ಗುಂಡಿ, ಗೋಲಿ ಬೇಡ, ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೆ ಹೋಗುತ್ತದೆ.) "ಇದರೊಳಗೆ ಏನಿದೆ?" "ಕ್ರೇಯಾನ್." ತೆರೆದು ತೋರಿಸಿ, ಮತ್ತೆ ಮುಚ್ಚಿ. "ಅಕ್ಕ ಇದನ್ನು ನೋಡಿಲ್ಲ. ಅವಳನ್ನು ಕೇಳಿದರೆ ಏನಿದೆ ಅನ್ನುತ್ತಾಳೆ?"

ಮೂರರ ಮಗು ಹೆಚ್ಚಾಗಿ "ಕಾಲುಚೀಲ" ಅನ್ನುತ್ತದೆ. ಇನ್ನೂ ವಿಚಿತ್ರವೆಂದರೆ, "ಮೊದಲು ನೀನು ಏನಿದೆ ಅಂದ್ಕೊಂಡಿದ್ದೆ?" ಎಂದರೂ "ಕಾಲುಚೀಲ"! ಸುಳ್ಳು ಹೇಳುತ್ತಿಲ್ಲ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರಬಹುದು, ತಾನೇ ಮೊದಲು ಬೇರೆ ನಂಬಿದ್ದಿರಬಹುದು ಎಂಬುದು ಇನ್ನೂ ಕೈಗೆ ಸಿಕ್ಕಿಲ್ಲ. ನಾಲ್ಕು–ಐದರ ನಡುವೆ ಬಹಳಷ್ಟು ಮಕ್ಕಳು ಇದನ್ನು ದಾಟುತ್ತಾರೆ. ಇಂಥ ಆಟಗಳ ಮೂಲ ಪ್ರಯೋಗ 1983ರದ್ದು, ಹೈನ್ಸ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಮಾಡಿದ್ದು. ಅಲ್ಲಿ ಮ್ಯಾಕ್ಸಿ ಎಂಬ ಹುಡುಗ ಇಟ್ಟ ಚಾಕೊಲೇಟನ್ನು ಅವನಿಲ್ಲದಾಗ ಅಮ್ಮ ಬೇರೆ ಕಡೆ ಇಡುತ್ತಾಳೆ. ಮರಳಿ ಬಂದ ಮ್ಯಾಕ್ಸಿ ಅದನ್ನು ಎಲ್ಲಿ ಹುಡುಕುತ್ತಾನೆ ಎಂಬುದೇ ಮಕ್ಕಳಿಗೆ ಪ್ರಶ್ನೆ.

ಇದನ್ನು ಉರು ಹೊಡೆಸಬೇಡಿ. ಆಟದ ಉಪಯೋಗ ನಿಮಗೆ: ಮಗು ಎಲ್ಲಿದೆ ಅಂತ ತಿಳಿದರೆ ಮೂರರ ಮಗುವನ್ನು "ಅವನಿಗೆ ಎಷ್ಟು ಬೇಜಾರಾಯ್ತು, ನಿನಗೆ ಗೊತ್ತಾಗಲ್ವಾ?" ಎಂದು ಗದರುವುದು ಕಡಿಮೆಯಾಗುತ್ತದೆ. ಅದಕ್ಕೆ ಬೇಕಾದದ್ದು ಮಾತು: "ಅವನು ಚೆಂಡು ತನ್ನದು ಅಂದ್ಕೊಂಡಿದ್ದ, ಅದಕ್ಕೇ ಅತ್ತ." ಅಂದ್ಕೊಂಡ, ಮರೆತ, ಊಹಿಸಿದ ಇಂಥ ಪದಗಳನ್ನು ಕಥೆ ಓದುವಾಗ ಧಾರಾಳವಾಗಿ ಬಳಸಿ. ಪುಟದ ಮಧ್ಯೆ ನಿಲ್ಲಿಸಿ "ಈ ನರಿಗೆ ಗೊತ್ತಾ, ಹಿಂದೆ ಯಾರಿದ್ದಾರೆ ಅಂತ?" ಎಂದು ಕೇಳಿ. ಪುಸ್ತಕ ಮುಗಿಯದಿದ್ದರೆ ಮುಗಿಯದಿರಲಿ.

ಇಪ್ಪತ್ತರ ತನಕ ಎಣಿಸುತ್ತಾಳೆ, ಮೂರು ಕೊಡಲು ಬರುವುದಿಲ್ಲ

"ಮೂರು ಬ್ಲಾಕ್ ಕೊಡು" ಅನ್ನಿ. ಇಪ್ಪತ್ತರ ತನಕ ಹಾಡಿದ ಮಗು ಕೈತುಂಬ ಬಾಚಿ ಕೊಡಬಹುದು. ಎಣಿಕೆಯ ಕೊನೆಯ ಪದವೇ ಒಟ್ಟು ಸಂಖ್ಯೆ ಎಂಬ ತಿಳಿವಳಿಕೆ ಬೇರೆಯೇ ವಿಷಯ. ಮೊದಲು 'ಒಂದು', ತಿಂಗಳುಗಳ ನಂತರ 'ಎರಡು', ಮತ್ತೆ ತಿಂಗಳುಗಳ ನಂತರ 'ಮೂರು' ಪಕ್ಕಾ ಆಗುತ್ತವೆ. ಆಮೇಲೆ ಒಮ್ಮೆಲೇ ಗುಟ್ಟು ಹೊಳೆಯುತ್ತದೆ, ಅನೇಕರಿಗೆ ಮೂರೂವರೆ–ನಾಲ್ಕರ ಆಸುಪಾಸಿನಲ್ಲಿ. ನಲವತ್ತು, ಐವತ್ತು ಎಂದು ಮುಂದೆ ಓಡಿಸುವ ಬದಲು ನಾಲ್ಕರೊಳಗೇ ಆಡಿ. ಮೊದಲು ಸಂಖ್ಯೆ ಹೇಳಿ, ತಕ್ಷಣ ಎಣಿಸಿ: "ಇಲ್ಲಿ ಮೂರು ಚಮಚ. ಒಂದು, ಎರಡು, ಮೂರು."

ಪರದೆಯ ಬಗ್ಗೆ ಚಿಕ್ಕದಾಗಿ. ಪೆಟ್ರೀಷಿಯಾ ಕುಲ್ ಅವರ 2003ರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಎದುರು ಕೂತು ಆಡಿಸಿದವರಿಂದ ಚೀನೀ ಭಾಷೆಯ ಧ್ವನಿಭೇದ ಕಲಿತವು, ಅದೇ ಮಾತನ್ನು ವಿಡಿಯೊದಲ್ಲಿ ಕೇಳಿದವು ಕಲಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ: ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಲ್ಲ. ಎರಡು ಭಾಷೆ ಕೇಳಿದರೆ ಮಗು ಗೊಂದಲಗೊಳ್ಳುತ್ತದೆ ಎಂಬುದು ಸುಳ್ಳು ಭಯ. ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ನೋಡುವಾಗ ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಿ.

ಯಾವಾಗ ಕಾಯಬಾರದು

ತಪ್ಪು ಮಾತಾಡುವುದು ಬೇರೆ, ಮಾತೇ ಇಲ್ಲದಿರುವುದು ಬೇರೆ. ಒಂದು ವರ್ಷಕ್ಕೆ ತೊದಲೂ ಇಲ್ಲ, ಬೆರಳು ಮಾಡಿ ತೋರಿಸುವುದೂ ಇಲ್ಲ. ಹದಿನಾರು ತಿಂಗಳಿಗೆ ಒಂದೂ ಪದವಿಲ್ಲ. ಎರಡು ವರ್ಷಕ್ಕೆ ಸ್ವಂತವಾಗಿ ಎರಡು ಪದ ಜೋಡಿಸುವುದಿಲ್ಲ. ಬಂದಿದ್ದ ಮಾತು ಯಾವುದೇ ವಯಸ್ಸಿನಲ್ಲಿ ನಿಂತುಹೋಯಿತು. ಇವುಗಳಲ್ಲಿ ಒಂದಿದ್ದರೂ "ಅವರಪ್ಪನೂ ತಡವಾಗೇ ಮಾತಾಡಿದ್ದು" ಎಂಬ ಸಮಾಧಾನಕ್ಕೆ ಕಿವಿಗೊಡದೆ ಮಕ್ಕಳ ವೈದ್ಯರನ್ನು ನೋಡಿ. ಎರಡರಿಂದ ಐದರ ನಡುವೆ ಉಗ್ಗು ಬಂದು ಹೋಗುವುದು ಸಾಮಾನ್ಯ. ಆರು ತಿಂಗಳು ಮೀರಿದರೆ, ಅಥವಾ ಮಗು ಮುಖ ಬಿಗಿದು ಹೆಣಗಾಡುತ್ತಿದ್ದರೆ, ವಾಕ್ ಚಿಕಿತ್ಸಕರ ಬಳಿ ಹೋಗಿ.

ಅಲ್ಲಿಗೆ ಹೋದರೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಮಾಡಿಸಿದ್ದೇವಲ್ಲ ಎಂದು ಬಿಡಬೇಡಿ. ಪದೇ ಪದೇ ಶೀತವಾಗುವ ಮಗುವಿನ ನಡುಗಿವಿಯಲ್ಲಿ ದ್ರವ ತುಂಬಿ, ಕೆಲವು ವಾರ ಕೇಳಿಸಿ ಕೆಲವು ವಾರ ಮಂದವಾಗಬಹುದು. ನೋವಿರುವುದಿಲ್ಲ, ಮಗು ಹೇಳುವುದೂ ಇಲ್ಲ. ಹೆಸರು ಕರೆದರೆ ತಿರುಗದ್ದಕ್ಕೆ ಹಟ ಎನ್ನುತ್ತೇವೆ. ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದು ನೋಡಿ. ಒಮ್ಮೆ ತಿರುಗಿತು ಎಂದು ಪರೀಕ್ಷೆ ತಪ್ಪಿಸಬೇಡಿ.