ಜರ್ಮನಿಯಲ್ಲಿ ಮೊದಲ ತಿಂಗಳು: ವಿಳಾಸದಿಂದ ಶುರು ಮಾಡಿ

ಎಂಎಸ್ ಓದಲು ಜರ್ಮನಿಗೆ ಹೊರಟವರು ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ದೃಢಪಡಿಸುವ ಪತ್ರ), ವೀಸಾ ಎಂದು ತಿಂಗಳುಗಟ್ಟಲೆ ಓಡಾಡುತ್ತಾರೆ. ಇಳಿದ ಮೇಲಿನ ಮೊದಲ ತಿಂಗಳಿಗೆ ಮಾತ್ರ ತಯಾರಿ ಇರುವುದಿಲ್ಲ. ಅಲ್ಲಿ ಒಂದು ಕಾಗದ ಇನ್ನೊಂದನ್ನು ಕೇಳುತ್ತದೆ. ಎಲ್ಲದರ ಬುಡದಲ್ಲಿರುವುದು ಮನೆಯ ವಿಳಾಸ. ಅದಕ್ಕೇ ನಾನು ವೀಸಾ ಕೈಗೆ ಬರುವ ಮೊದಲೇ ರೂಮು ಹುಡುಕಲು ಶುರು ಮಾಡಿದೆ.

ವಿದ್ಯಾರ್ಥಿ ಹಾಸ್ಟೆಲ್‌ಗಳನ್ನು ನಡೆಸುವುದು ಶ್ಟುಡೀರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ. ಪ್ರವೇಶಪತ್ರ ಬಂದ ದಿನವೇ ಅಲ್ಲಿಗೆ ಅರ್ಜಿ ಹಾಕಿ; ಮ್ಯೂನಿಕ್‌ನಂಥ ಊರಲ್ಲಿ ಸೆಮಿಸ್ಟರ್‌ಗಟ್ಟಲೆ ಕಾಯಬೇಕಾಗುತ್ತದೆ. ಹೊರಗೆ ರೂಮು ನೋಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು: ಇಲ್ಲಿ ಅನ್ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ, ಮಾಡಿಸಬಹುದಾ? ಮನೆ ಸೇರಿದ 14 ದಿನದೊಳಗೆ ನೋಂದಣಿ ಆಗಬೇಕೆಂದು ಕಾನೂನಿದೆ. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಬೇಕು, ಬಾಡಿಗೆ ಕರಾರು ಮಾತ್ರ ಸಾಲದು. ಎರಡು ಮೂರು ತಿಂಗಳಿಗೆ ರೂಮು ಕೊಡುವವರು ಎಷ್ಟೋ ಸಲ ಈ ಕಾಗದ ಕೊಡುವುದಿಲ್ಲ. ಅಂಥ ರೂಮು ಅಗ್ಗವಾದರೂ ಬೇಡ. ಮಾಲೀಕರು ವಿದೇಶದಲ್ಲಿದ್ದಾರೆ, ಅಡ್ವಾನ್ಸ್ ಕಳಿಸಿದರೆ ಕೀಲಿ ಕೊರಿಯರ್ ಮಾಡುತ್ತಾರೆ ಎಂದರೆ ಅದು ಮೋಸವೇ. ಅಡ್ವಾನ್ಸ್ ಸಹ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ.

ನೋಂದಣಿ ಕಚೇರಿಯ ಅಪಾಯಿಂಟ್‌ಮೆಂಟ್ ಬೆಂಗಳೂರಿನಲ್ಲಿ ಕೂತೇ ಬುಕ್ ಮಾಡಬಹುದು. ಬರ್ಲಿನ್‌ನಲ್ಲಿ ನಿಮ್ಮ ಬಡಾವಣೆಯದೇ ಕಚೇರಿ ಆಗಬೇಕೆಂದಿಲ್ಲ, ನಗರದ ಯಾವುದಾದರೂ ಸರಿ. ಬೆಳಗ್ಗೆ ಬೇಗ ನೋಡಿದರೆ ಬೇರೆಯವರು ರದ್ದು ಮಾಡಿದ ವೇಳೆ ಸಿಗುವುದುಂಟು. 14 ದಿನದೊಳಗೆ ವೇಳೆ ಸಿಗದಿದ್ದರೆ, ತಡ ನಿಮ್ಮಿಂದಾದದ್ದಲ್ಲ ಎಂದು ತೋರಿಸಲು ಬುಕಿಂಗ್‌ನ ಪ್ರಿಂಟ್ ಇಟ್ಟುಕೊಳ್ಳಿ.

ನಮ್ಮವರು ಎಡವುವ ಇನ್ನೊಂದು ಜಾಗ ಅಂಚೆಪೆಟ್ಟಿಗೆ. ಜರ್ಮನ್ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡ್, ಬೇರೆ ಲಕೋಟೆಯಲ್ಲಿ ಬರುವ ಪಿನ್, ತೆರಿಗೆ ಸಂಖ್ಯೆ, ವಿಮೆ ಕಾರ್ಡ್ ಎಲ್ಲವೂ ವಾಪಸು ಹೋಗುತ್ತವೆ. ಹೋದ ದಿನವೇ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಅಂಟಿಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಆ ವ್ಯತ್ಯಾಸವನ್ನು ಊರಲ್ಲಿದ್ದಾಗಲೇ ಸರಿಪಡಿಸಿಕೊಳ್ಳಿ.

ಇನ್ನು ದುಡ್ಡು. ಬ್ಲಾಕ್ಡ್ ಅಕೌಂಟ್ ಎಂದರೆ ಖರ್ಚಿನ ಹಣವನ್ನು ವೀಸಾಕ್ಕೆ ಮೊದಲೇ ತುಂಬಿಟ್ಟು, ತಿಂಗಳಿಗೆ ಇಷ್ಟೇ ಎಂದು ತೆಗೆಯುವ ಖಾತೆ. ಅದಕ್ಕೆ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ ತುಂಬಬೇಕು, ತಿಂಗಳಿಗೆ 992 ಬಿಡುಗಡೆಯಾಗುತ್ತದೆ. ದಾರಿಯಲ್ಲಿ ಮಧ್ಯದ ಬ್ಯಾಂಕುಗಳು ಶುಲ್ಕ ಮುರಿದುಕೊಂಡು ಮೊತ್ತ ಸ್ವಲ್ಪ ಕಡಿಮೆ ಬಿದ್ದರೂ ವೀಸಾಕ್ಕೆ ಬೇಕಾದ ದೃಢೀಕರಣ ತಡವಾಗುತ್ತದೆ. ಎಲ್ಲ ಶುಲ್ಕ ಕಳಿಸುವವರದೇ ಎಂದು ಫಾರಂನಲ್ಲಿ ಗುರುತು ಹಾಕಿಸಿ, ಖಾತೆಯ ಸೇವಾ ಶುಲ್ಕವನ್ನೂ ಸೇರಿಸಿ ಕಳಿಸಿ. ಈ ಹಣ ಇಳಿದ ದಿನವೇ ಕೈಗೆ ಬರುವುದಿಲ್ಲ: ಅಲ್ಲಿಯ ಚಾಲ್ತಿ ಖಾತೆ ಬೇಕು, ಬ್ಲಾಕ್ಡ್ ಅಕೌಂಟ್ ನಡೆಸುವ ಕೆಲವು ಸಂಸ್ಥೆಗಳು ವಿಳಾಸ ನೋಂದಣಿಯನ್ನೂ ಕೇಳುತ್ತವೆ. ರೂಮಿನ ಅಡ್ವಾನ್ಸ್ ಬಿಟ್ಟು, ಆರು ವಾರಕ್ಕಾಗುವಷ್ಟು, ಸುಮಾರು 1,500 ಯೂರೊ, ಫಾರೆಕ್ಸ್ ಕಾರ್ಡ್‌ನಲ್ಲಿ ಬೇರೆಯಾಗಿರಲಿ.

ಕೆಲಸದ ವಿಷಯ ಚಿಕ್ಕದು. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ವಿಶ್ವವಿದ್ಯಾಲಯದಲ್ಲೇ ವಿದ್ಯಾರ್ಥಿ ಸಹಾಯಕರಾಗಿ ಮಾಡುವ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ, ಓದಿಗೂ ಹತ್ತಿರ. ಮೊದಲು ಅದನ್ನೇ ಹುಡುಕಿ.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ. ಪ್ರಾದೇಶಿಕ ರೈಲು, ಮೆಟ್ರೊ, ಟ್ರಾಮ್, ಬಸ್ಸಿಗೆ ನಡೆಯುತ್ತದೆ, ಐಸಿಇ, ಐಸಿ ಎಂಬ ದೂರದ ವೇಗದ ರೈಲಿಗೆ ನಡೆಯುವುದಿಲ್ಲ. 2023ರಲ್ಲಿ 49 ಯೂರೊ ಇದ್ದದ್ದು 2025ರಲ್ಲಿ 58 ಆಯಿತು. ಬಹಳ ಕಡೆ ಸೆಮಿಸ್ಟರ್ ಶುಲ್ಕದಲ್ಲೇ ಇದರ ಅಗ್ಗದ ರೂಪ ಸೇರಿರುತ್ತದೆ. ಅದನ್ನು ವಿಚಾರಿಸದೆ ಬೇರೆ ಟಿಕೆಟ್ ಕೊಳ್ಳಬೇಡಿ.

ವಾಸದ ಪರವಾನಗಿ ಇದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) 180 ದಿನದಲ್ಲಿ 90 ದಿನ ಇರಬಹುದು. ಪರವಾನಗಿಯ ನವೀಕರಣಕ್ಕೆ ಅರ್ಜಿ ಹಾಕಿದ ಮೇಲೆ, ಅಲ್ಲಿಯವರೆಗೆ ಕೊಡುವ ತಾತ್ಕಾಲಿಕ ಪತ್ರದಲ್ಲಿ ಇರುವಾಗ ಎಚ್ಚರ. ಅದರ ಮೂರನೇ ಪುಟದಲ್ಲಿ ಮೂರನೇ ಚೌಕಕ್ಕೆ, ಅಂದರೆ ಜರ್ಮನಿಯ ವಾಸ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿಗೆ, ಗುರುತು ಬಿದ್ದಿದ್ದರೆ ಮಾತ್ರ ಊರಿಗೆ ಹೋಗಿ ವಾಪಸು ಬರಲು ಸಾಧ್ಯ. ಅವಧಿ ಮುಗಿದ ಹಳೆಯ ಪರವಾನಗಿ ಕಾರ್ಡ್ ಜೊತೆಗಿರಲಿ. ವಿಮಾನ ಸಂಸ್ಥೆಯ ಕೌಂಟರ್‌ನಲ್ಲಿ ಈ ಪತ್ರವನ್ನು ಎಲ್ಲರೂ ಗುರುತಿಸುವುದಿಲ್ಲವಾದ್ದರಿಂದ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಬದಲಾಯಿಸುವ ಬದಲು ಬೆಂಗಳೂರಿನಿಂದ ನೇರ ಫ್ರಾಂಕ್‌ಫರ್ಟ್‌ಗೋ, ದೋಹಾ, ದುಬೈ ಮೂಲಕವೋ ಟಿಕೆಟ್ ಮಾಡಿಸಿ.